ಟಪ್ಪು ಬೆಳೆದರೂ ಗೋಕುಲಧಾಮಕ್ಕೆ ವಯಸ್ಸಾಗದು: ‘ತಾರಕ್ ಮೆಹ್ತಾ’ ಇಷ್ಟು ವರ್ಷ ಓಡಿದ್ದು ಹೇಗೆ?

2008ರ ಜುಲೈ 21ರಂದು ಕಲರ್ಸ್ ಎಂಬ ಹೊಸ ಹಿಂದಿ ವಾಹಿನಿ ಭಾರೀ ಪ್ರಚಾರದೊಂದಿಗೆ ಶುರುವಾಯಿತು. ‘ಬಾಲಿಕಾ ವಧು’ ಅದರ ತುರುಪಿನ ಎಲೆ. ಅತ್ತ ಸ್ಟಾರ್ ಪ್ಲಸ್‌ನಲ್ಲಿ ಎಂಟು ವರ್ಷ ಆಳಿದ್ದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಕೊನೆಯ ತಿಂಗಳುಗಳಲ್ಲಿತ್ತು. ಎಲ್ಲರ ಕಣ್ಣು ಈ ಪೈಪೋಟಿಯ ಮೇಲಿದ್ದಾಗ, ಸರಿಯಾಗಿ ಒಂದು ವಾರ ಕಳೆದು, ಜುಲೈ 28ರ ಸೋಮವಾರ, ಸಬ್ ಟಿವಿಯಲ್ಲಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಮೊದಲ ಕಂತು ಬಂತು. ಸೋನಿ ಸಂಸ್ಥೆ 2005ರಲ್ಲಿ ಕೊಂಡಿದ್ದ ಸಬ್ ಆಗ ಎರಡನೇ ಸಾಲಿನ ವಾಹಿನಿ. ಅತ್ತೆ–ಸೊಸೆ ಜಗಳ ಬೇಡವಾದವರಿಗೆ ಹಾಸ್ಯ ಬಡಿಸುವುದು ಅದರ ಲೆಕ್ಕಾಚಾರ.

ಧಾರಾವಾಹಿ 2020ರ ಸೆಪ್ಟೆಂಬರಿನಲ್ಲಿ 3,000 ಕಂತು ಮುಗಿಸಿತು. 2024ರ ಆರಂಭದಲ್ಲಿ 4,000 ದಾಟಿತು. ಒಂದು ಕಂತಿನಲ್ಲಿ 20 ನಿಮಿಷ ಕಥೆ ಎಂದು ಹಿಡಿದರೂ ಅದು 80,000 ನಿಮಿಷ. ಊಟ ನಿದ್ದೆ ಬಿಟ್ಟು ನೋಡಿದರೂ ಮುಗಿಸಲು 55 ದಿನ ಬೇಕು. ಸೀಸನ್ ಬಿಡುವಿಲ್ಲದೆ ವರ್ಷಕ್ಕೆ 250ಕ್ಕೂ ಹೆಚ್ಚು ಕಂತು ಕೊಟ್ಟ ಹಾಸ್ಯ ಧಾರಾವಾಹಿ ಇದು. ದೈನಂದಿನ ಅಳುಬುರುಕ ಕಥೆಯನ್ನು ಎಳೆಯುವುದು ಕಷ್ಟವಲ್ಲ. ದೈನಂದಿನ ನಗುವನ್ನು ಎಳೆಯುವುದು ಕಿರುತೆರೆಯ ಅತಿ ಕಷ್ಟದ ಕೆಲಸ, ಯಾಕೆಂದರೆ ನಿನ್ನೆ ನಗಿಸಿದ ಮಾತು ಇವತ್ತು ಅರ್ಧದಷ್ಟೇ ನಗಿಸುತ್ತದೆ.

‘ಮನೆಮಂದಿಯೆಲ್ಲ ಕೂತು ನೋಡಬಹುದು’ ಎಂಬುದು ಇದರ ಜನಪ್ರಿಯತೆಗೆ ಎಲ್ಲರೂ ಕೊಡುವ ಕಾರಣ. ಅದು ನಿಜವೇ, ಆದರೆ ಸಾಲದು. ಮನೆಮಂದಿಯೆಲ್ಲ ನೋಡಬಹುದಾದ ಎಷ್ಟೋ ಧಾರಾವಾಹಿಗಳು ಇನ್ನೂರು ಕಂತಿಗೆ ಉಸಿರು ಬಿಟ್ಟಿವೆ. ಕಥೆ ನಡೆಯುವ ವಸತಿ ಸೊಸೈಟಿ ಗೋಕುಲಧಾಮ ಉಳಿದದ್ದು ಅಲ್ಲಿ ಕಾಲವನ್ನು ನಿಲ್ಲಿಸಿದ್ದರಿಂದ. ಅದರ ಶಕ್ತಿಯೆಲ್ಲ ಬಂದದ್ದು ಆ ಒಂದು ನಿರ್ಧಾರದಿಂದ. ಈಗ ಕಾಣುತ್ತಿರುವ ಬಿರುಕುಗಳೂ ಅದರಿಂದಲೇ ಬಂದಿವೆ.

ಅಂಕಣದಿಂದ ಬಂದ ಬುನಾದಿ

ತಾರಕ್ ಮೆಹ್ತಾ ಕಲ್ಪನೆಯ ಹೆಸರಲ್ಲ. ಅವರು ಗುಜರಾತಿ ಹಾಸ್ಯ ಲೇಖಕ ಮತ್ತು ನಾಟಕಕಾರ. ‘ಚಿತ್ರಲೇಖಾ’ ವಾರಪತ್ರಿಕೆಯಲ್ಲಿ 1971ರ ಮಾರ್ಚ್‌ನಿಂದ ‘ದುನಿಯಾನೆ ಊಂಧಾ ಚಷ್ಮಾ’ ಅಂಕಣ ಬರೆದರು, ದಶಕಗಳ ಕಾಲ ಬರೆದರು. 2015ರಲ್ಲಿ ಪದ್ಮಶ್ರೀ ಬಂತು, 2017ರ ಮಾರ್ಚ್ 1ರಂದು ತೀರಿಕೊಂಡರು. ಜೇಠಾಲಾಲ್, ಅವನ ಹೆಂಡತಿ ದಯಾ, ಮಗ ಟಪ್ಪು, ಅಪ್ಪ ಚಂಪಕ್‌ಲಾಲ್ ಆ ಅಂಕಣದಲ್ಲಿ ಹುಟ್ಟಿದವರು. ಈ ಪಾತ್ರಗಳನ್ನು ಕಿರುತೆರೆಗೆ ತಂದವರು ನಿರ್ಮಾಪಕ ಅಸಿತ್ ಕುಮಾರ್ ಮೋದಿ.

ವಾರದ ಅಂಕಣಕ್ಕೆ ಒಂದು ಕಟ್ಟುಪಾಡಿದೆ. ಹೋದ ವಾರ ಓದದವನಿಗೂ ಈ ವಾರ ಅರ್ಥವಾಗಬೇಕು. ಹಾಗಾಗಿ ಪ್ರತಿ ಬರಹದ ಕೊನೆಗೆ ಎಲ್ಲರೂ ಮೊದಲಿದ್ದ ಜಾಗಕ್ಕೆ ಮರಳಬೇಕು. ಅಪ್ಪನ ಬೈಗುಳ, ಮಗನ ತುಂಟಾಟ, ಅಂಗಡಿಯ ತಲೆನೋವು, ಹೆಂಡತಿಯ ಮುಗ್ಧತೆ ಮುಂದಿನ ವಾರಕ್ಕೂ ಹಾಗೇ ಉಳಿದಿರಬೇಕು. ಮೂವತ್ತೇಳು ವರ್ಷ ಹೀಗೆ ಪಳಗಿದ ಪಾತ್ರಗಳು ಧಾರಾವಾಹಿಗೆ ಸಿದ್ಧವಾಗಿ ಸಿಕ್ಕವು. ಹೊಸದಾಗಿ ಬರೆದ ಹಾಸ್ಯ ಧಾರಾವಾಹಿಗೆ ಮೊದಲ ನೂರು ಕಂತು ಬರೀ ಪಾತ್ರಗಳನ್ನು ಪರಿಚಯಿಸುವುದರಲ್ಲೇ ಹೋಗುತ್ತದೆ. ಇಲ್ಲಿ ಗುಜರಾತಿ ಪ್ರೇಕ್ಷಕರು ಮೊದಲ ದಿನವೇ ಅವರನ್ನು ಗುರುತು ಹಿಡಿದರು.

ಕಿರುತೆರೆಯವರು ಮಾಡಿದ ದೊಡ್ಡ ಬದಲಾವಣೆ ವಾಸದ ಜಾಗದ್ದು. ಅಂಕಣದ ಜಗತ್ತು ಮುಂಬೈನ ಹಳೆಯ ಚಾಳಿನದು, ಉದ್ದ ಓಣಿಗೆ ಬಾಗಿಲು ತೆರೆಯುವ ಮನೆಗಳದು. ಚಾಳಿನಲ್ಲಿ ಗುಟ್ಟು ನಿಲ್ಲುವುದಿಲ್ಲ, ಕಥೆ ತಾನಾಗಿ ಹುಟ್ಟುತ್ತದೆ. ಧಾರಾವಾಹಿ ಅದನ್ನು ಗೋರೆಗಾಂವ್ ಪೂರ್ವದ ‘ಗೋಕುಲಧಾಮ ಕೋ–ಆಪರೇಟಿವ್ ಹೌಸಿಂಗ್ ಸೊಸೈಟಿ’ ಮಾಡಿತು. ಫ್ಲ್ಯಾಟು ಅಂದರೆ ಮುಚ್ಚಿದ ಬಾಗಿಲು, ಹಾಸ್ಯಕ್ಕೆ ಅದು ಶತ್ರು. ಅದಕ್ಕೆ ಕಂಡುಕೊಂಡ ಉಪಾಯ ಕಾಂಪೌಂಡ್. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಹಾಕಿದ ಸೆಟ್ಟಿನಲ್ಲಿ ಎಲ್ಲ ಮನೆಗಳ ಬಾಲ್ಕನಿಯೂ ಒಂದೇ ಅಂಗಳಕ್ಕೆ ಮುಖ ಮಾಡಿವೆ. ಒಬ್ಬ ಕೂಗಿದರೆ ಎಲ್ಲರೂ ಬಾಲ್ಕನಿಗೆ ಬರುತ್ತಾರೆ, ಒಂದು ನಿಮಿಷದಲ್ಲಿ ಇಡೀ ಪಾತ್ರವರ್ಗ ಕೆಳಗಿಳಿದಿರುತ್ತದೆ. ಅಂದರೆ ಅಪಾರ್ಟ್‌ಮೆಂಟಿನ ಗೋಡೆಗಳೊಳಗೆ ಚಾಳಿನ ಓಣಿಯನ್ನೇ ಕಟ್ಟಿದ್ದಾರೆ. ಬೆಂಗಳೂರಿನ, ಪುಣೆಯ, ಅಹಮದಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದೆ ಬದುಕುವವರಿಗೆ ಈ ಕಾಂಪೌಂಡ್ ಯಾಕೆ ಹಿಡಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಡೇರದ ಆಸೆಗಳು

ಗೋಕುಲಧಾಮದ ಪ್ರತಿ ಪಾತ್ರಕ್ಕೂ ಒಂದು ಆಸೆಯಿದೆ. ಅದು ಸಣ್ಣದು, ಯಾರಿಗೂ ಕೇಡಿಲ್ಲದ್ದು, ಎಂದೂ ಪೂರ್ತಿ ಈಡೇರದ್ದು.

ಕಛ್‌ನ ಭಚಾವು ಮೂಲದ ವ್ಯಾಪಾರಿ ಜೇಠಾಲಾಲ್‌ಗೆ ಒಂದು ದಿನ ನೆಮ್ಮದಿಯಾಗಿ ಅಂಗಡಿ ನಡೆಸುವ ಆಸೆ. ಜೊತೆಗೆ ನೆರೆಮನೆಯ ಅಯ್ಯರ್‌ನ ಹೆಂಡತಿ ಬಬಿತಾ ಜೊತೆ ಎರಡು ಮಾತು. ಸೆಕ್ರೆಟರಿ ಭಿಡೆಗೆ ಶಿಸ್ತು ಬೇಕು, ನಿರ್ವಹಣಾ ಶುಲ್ಕ ಹೊತ್ತಿಗೆ ಸರಿಯಾಗಿ ಬರಬೇಕು, ಸಖಾರಾಮ್ ಎಂಬ ಅವನ ಸ್ಕೂಟರ್ ಒಂದೇ ಒದೆತಕ್ಕೆ ಶುರುವಾಗಬೇಕು. ‘ತೂಫಾನ್ ಎಕ್ಸ್‌ಪ್ರೆಸ್’ ಪತ್ರಕರ್ತ ಪೋಪಟ್‌ಲಾಲ್‌ಗೆ ಮದುವೆಯಾಗಬೇಕು. ಹೆಂಡತಿ ಮಾಡುವ ಹಾಗಲಕಾಯಿ ರಸ, ಪಥ್ಯದೂಟದಿಂದ ನಿರೂಪಕ ಪಾತ್ರವಾದ ಮೆಹ್ತಾಗೆ ಬಿಡುಗಡೆ ಬೇಕು. ಡಾ. ಹಾಥಿಗೆ ಊಟ, ಸೋಢಿಗೆ ಪಾರ್ಟಿ, ಅಯ್ಯರ್‌ಗೆ ಹೆಂಡತಿಯ ಹತ್ತಿರ ಜೇಠಾಲಾಲ್ ಸುಳಿಯದಿದ್ದರೆ ಸಾಕು.

ಕಥೆ ಬರೆಯುವವರ ಕೋಣೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹತ್ತು ಪಾತ್ರ, ಹತ್ತು ಆಸೆ ಎಂದಿಟ್ಟುಕೊಳ್ಳಿ. ಯಾವುದೇ ಇಬ್ಬರನ್ನು ಮುಖಾಮುಖಿ ಮಾಡಿದರೆ 45 ಜೋಡಿ ಸಿಗುತ್ತವೆ, ಮೂವರನ್ನು ಸೇರಿಸಿದರೆ 120 ಸಂಯೋಜನೆ. ಯಾರ ಆಸೆಯೂ ಈಡೇರದೆ ಇರುವುದರಿಂದ ಯಾವ ಸಂಯೋಜನೆಯೂ ಖರ್ಚಾಗುವುದಿಲ್ಲ, ಆರು ತಿಂಗಳ ನಂತರ ಮತ್ತೆ ಬಳಸಬಹುದು. ಇನ್ನೊಂದು ಜಾಣತನ, ಇಲ್ಲಿ ಖಳನಾಯಕನಿಲ್ಲ. ಖಳ ಬಂದರೆ ಅವನು ಸೋಲಬೇಕು, ಸೋತ ಮೇಲೆ ಕಥೆಯಿಂದ ಹೊರಗೆ ಹೋಗಬೇಕು. ದೌರ್ಬಲ್ಯ ಎಲ್ಲಿಗೂ ಹೋಗಬೇಕಿಲ್ಲ. ಜೇಠಾಲಾಲನ ಬಾಮೈದ ಸುಂದರ್ ಅಹಮದಾಬಾದಿನಿಂದ ಬಂದಾಗೆಲ್ಲ ಭಾವನ ಜೇಬಿಗೆ ಕತ್ತರಿ. ಅವನು ಬಂದ ಎಂದಾಗಲೇ ಪ್ರೇಕ್ಷಕರಿಗೆ ಮುಂದಿನದು ಗೊತ್ತು. ಹೇಗೆ ಎಂಬುದಷ್ಟೇ ಕುತೂಹಲ. ದಯಾಳ ತಾಯಿಯಂತೂ ಎಂದೂ ಮುಖ ತೋರಿಸದ ಪಾತ್ರ. ಫೋನಿನ ಆ ಕಡೆಗಷ್ಟೇ ಇದ್ದಾರೆ. ಇದಕ್ಕೆ ನಟಿಯ ಕಾಲ್‌ಶೀಟ್ ಬೇಕಿಲ್ಲ, ವಯಸ್ಸಾಗುವ ಭಯವಿಲ್ಲ. ಆದರೂ ಜೇಠಾಲಾಲನ ಜೀವ ತಿನ್ನಲು ಸಾಕು.

ಚಂಪಕ್‌ಲಾಲ್ ಪಾತ್ರದಲ್ಲೂ ಇಂಥದ್ದೇ ದೂರದೃಷ್ಟಿಯಿದೆ. ಅಪ್ಪನ ಪಾತ್ರ ಮಾಡುವ ಅಮಿತ್ ಭಟ್, ಮಗನ ಪಾತ್ರದ ದಿಲೀಪ್ ಜೋಶಿಗಿಂತ ವಯಸ್ಸಿನಲ್ಲಿ ಚಿಕ್ಕವರು. ನಿಜವಾದ ವೃದ್ಧ ನಟರನ್ನು ಹಾಕಿಕೊಂಡಿದ್ದರೆ ಹದಿನೇಳು ವರ್ಷ ದಿನಾ ಕ್ಯಾಮೆರಾ ಮುಂದೆ ನಿಲ್ಲಿಸುವುದು ಸಾಧ್ಯವಿರುತ್ತಿರಲಿಲ್ಲ. ಮುದಿತನ ಇಲ್ಲಿ ಟೋಪಿ, ಕನ್ನಡಕ, ಕೋಲು ಮತ್ತು ನಡಿಗೆಯಲ್ಲಿದೆ, ಹಾಗಾಗಿ ಅದು ಹೆಚ್ಚಾಗುವುದಿಲ್ಲ.

ಇಪ್ಪತ್ತು ನಿಮಿಷದ ಒಳಗೆ ಏನಿರುತ್ತದೆ?

ಕೇಬಲ್ ಟೆಲಿವಿಷನ್ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಅರ್ಧ ಗಂಟೆಯ ಸ್ಲಾಟಿಗೆ ಅದು 6 ನಿಮಿಷ. ಶೀರ್ಷಿಕೆ, ಹಿಂದಿನ ಕಂತಿನ ತುಣುಕು, ನಾಳೆಯ ಮುನ್ನೋಟ ಕಳೆದರೆ ಕಥೆಗೆ ಉಳಿಯುವುದು 20ರಿಂದ 22 ನಿಮಿಷ. ಇದರಲ್ಲಿ ಸಾಧಾರಣವಾಗಿ ನಾಲ್ಕೈದು ದೃಶ್ಯ. ಜಾಗಗಳೂ ಅವೇ: ಜೇಠಾಲಾಲನ ಗಡಾ ಕುಟುಂಬದ ಮನೆಯ ಹಾಲ್, ಕಾಂಪೌಂಡ್, ಕ್ಲಬ್‌ಹೌಸ್, ಅವನ ಅಂಗಡಿ ಗಡಾ ಎಲೆಕ್ಟ್ರಾನಿಕ್ಸ್, ಸಂಜೆಯಾದರೆ ಅಬ್ದುಲನ ಸೋಡಾ ಅಂಗಡಿ. ನಿಂತ ಸೆಟ್ಟಿನಲ್ಲಿ ಲೈಟು ಕಟ್ಟುವ ಸಮಯ ಉಳಿಯುತ್ತದೆ, ದಿನಕ್ಕೆ ಒಂದು ಕಂತಿನ ಹೂರಣ ತೆಗೆಯುವುದು ಅದರಿಂದಲೇ ಸಾಧ್ಯ.

ಒಂದು ಬೆಳಗಿನ ದೃಶ್ಯವನ್ನು ಬಿಡಿಸಿ ನೋಡೋಣ. ಜೇಠಾಲಾಲ್ ತಡವಾಗಿ ಎದ್ದಿದ್ದಾನೆ. ಫೋನಿನಲ್ಲಿ ಅಂಗಡಿಯ ನೌಕರ ನಟ್ಟು ಕಾಕಾ, ಗೋದಾಮಿಗೆ ಸರಕು ಬಂದಿದೆ, ಬೇಗ ಬನ್ನಿ ಎನ್ನುತ್ತಿದ್ದಾರೆ. ಇಲ್ಲಿಗೆ ಅವಸರ ಸ್ಥಾಪನೆಯಾಯಿತು. ಬಾಗಿಲು ದಾಟಿ ಕಾಂಪೌಂಡಿಗೆ ಇಳಿದರೆ ಬಬಿತಾ ಎದುರಾಗುತ್ತಾಳೆ. ಜೇಠಾಲಾಲನ ನಡಿಗೆ ನಿಧಾನವಾಗುತ್ತದೆ, ದನಿ ಬದಲಾಗುತ್ತದೆ, ಸರಕು ಮರೆತೇ ಹೋಗುತ್ತದೆ. ಅವಸರವಿದ್ದವನು ನಿಂತುಬಿಟ್ಟಿದ್ದರಿಂದ ಹಾಸ್ಯ ಶುರುವಾಯಿತು. ಎರಡು ಮಾತು ಮುಗಿಯುವಷ್ಟರಲ್ಲಿ ಪಕ್ಕದಿಂದ ಅಯ್ಯರ್ ಬರುತ್ತಾನೆ, ಗಂಟು ಮುಖ. ಜೇಠಾಲಾಲ್ ಸಾವರಿಸಿಕೊಳ್ಳಲು ಒಂದು ಸುಳ್ಳು ಹೇಳುತ್ತಾನೆ. ಅದೇ ಹೊತ್ತಿಗೆ ಮೇಲಿನ ಬಾಲ್ಕನಿಯಿಂದ ಬಾಪೂಜಿಯ, ಅಂದರೆ ಅಪ್ಪ ಚಂಪಕ್‌ಲಾಲನ ಕೂಗು: ‘ಏ ಜೇಠಿಯಾ!’ ಇನ್ನೂ ಅಂಗಡಿಗೆ ಹೋಗಿಲ್ಲವೇ ಎಂದು. ಈಗ ಆ ಸುಳ್ಳನ್ನು ಅಪ್ಪನ ಮುಂದೆಯೂ ಕಾಪಾಡಬೇಕು. ಅದು ಮುಂದಿನ ಐದು ಕಂತುಗಳ ಬೀಜ. ದೃಶ್ಯ ಮೂರು ನಿಮಿಷದ್ದು. ಹೊಸ ಜಾಗ, ಹೊಸ ಪಾತ್ರ, ಹೊಸ ವಸ್ತು ಒಂದೂ ಬೇಕಾಗಲಿಲ್ಲ. ದಿಲೀಪ್ ಜೋಶಿಯವರ ದೇಹಭಾಷೆಯ ನೈಪುಣ್ಯವೊಂದೇ ಖರ್ಚು. ಗುಜರಾತಿ ರಂಗಭೂಮಿಯ ಅನುಭವವಿಲ್ಲದ ನಟ ಇದನ್ನು ನೂರನೇ ಸಲ ಮಾಡಿದಾಗ ಹಳಸುತ್ತಿತ್ತು. ಅವರು ಪ್ರತಿ ಸಲವೂ ಮುಜುಗರದ ಪ್ರಮಾಣವನ್ನು ಬದಲಿಸುತ್ತಾರೆ.

ಕಥೆಯ ಒಂದು ಎಳೆಗೆ ‘ಟ್ರ್ಯಾಕ್’ ಎನ್ನುತ್ತಾರೆ. ಅರ್ಧ ಕೇಳಿಸಿಕೊಂಡ ಫೋನ್ ಮಾತು ಅಥವಾ ಕಳೆದುಹೋದ ವಸ್ತುವಿನಿಂದ ಟ್ರ್ಯಾಕ್ ಶುರು. ಒಂದು ಮನೆಯ ತಪ್ಪುಗ್ರಹಿಕೆ ಎರಡನೇ ಮನೆಗೆ ಹೋಗುತ್ತದೆ, ಕ್ಲಬ್‌ಹೌಸಿನಲ್ಲಿ ಸಭೆ ಸೇರುತ್ತದೆ, ಟಪ್ಪು ಸೇನೆ, ಅಂದರೆ ಸೊಸೈಟಿಯ ಮಕ್ಕಳ ಗುಂಪು, ಗುಟ್ಟಾಗಿ ಉಪಾಯ ಹೂಡುತ್ತದೆ, ಕೊನೆಗೆ ಎಲ್ಲರ ಮುಂದೆ ಸತ್ಯ ಬಯಲು. ನಡುನಡುವೆ ತಾರಕ್ ಮೆಹ್ತಾ ಕ್ಯಾಮೆರಾದತ್ತ ತಿರುಗಿ ನಮ್ಮೊಂದಿಗೆ ಮಾತಾಡುತ್ತಾನೆ. ಈ ನಿರೂಪಣೆ ಅಲಂಕಾರಕ್ಕೆ ಇರುವುದಲ್ಲ. ನಿನ್ನೆ ತಪ್ಪಿಸಿಕೊಂಡವನಿಗೆ ಹತ್ತು ಸೆಕೆಂಡಿನಲ್ಲಿ ಕಥೆ ಹೇಳಿಬಿಡುವ ಯುಕ್ತಿ ಅದು, ಅಂಕಣಕಾರನ ದನಿಯ ಪಳೆಯುಳಿಕೆಯೂ ಹೌದು.

ಹದ ತಪ್ಪುವುದೂ ಇಲ್ಲೇ. ಆರು ಕಂತಿನ ವಸ್ತುವನ್ನು ಇಪ್ಪತ್ತಕ್ಕೆ ಎಳೆದಾಗ ಬರಹಗಾರರ ಬದಲು ಸಂಕಲನಕಾರ ಸಮಯ ತುಂಬಿಸಬೇಕಾಗುತ್ತದೆ. ಒಂದು ಆಘಾತದ ಮಾತಿಗೆ ನಿಂತವರೆಲ್ಲರ ಮುಖಕ್ಕೂ ಕ್ಯಾಮೆರಾ ಹೋಗುತ್ತದೆ, ಪ್ರತಿ ಮುಖಕ್ಕೂ ಒಂದು ಸದ್ದು. 15 ಮುಖಕ್ಕೆ ತಲಾ 3 ಸೆಕೆಂಡ್ ಕೊಟ್ಟರೆ 45 ಸೆಕೆಂಡ್ ಮುಗಿಯಿತು. ಕಂತಿನಲ್ಲಿ ಇದು ನಾಲ್ಕು ಸಲ ಬಂದರೆ 3 ನಿಮಿಷ, ಅಂದರೆ ಕಥೆಯ ಏಳನೇ ಒಂದು ಭಾಗ ಕೇವಲ ಬೆಚ್ಚಿಬಿದ್ದ ಮುಖಗಳು. ಹಳೆಯ ಕಂತು ಚುರುಕು, ಹೊಸದು ಎಳೆತ ಎಂದು ಜನ ಹೇಳುವಾಗ ಅವರ ಅನುಭವಕ್ಕೆ ಬಂದಿರುವುದು ಬಹುಪಾಲು ಈ ಲೆಕ್ಕ.

ಹಬ್ಬಗಳು ಇನ್ನೊಂದು ಆಧಾರ. ಮಕರ ಸಂಕ್ರಾಂತಿ, ಹೋಳಿ, ಗಣೇಶೋತ್ಸವ, ನವರಾತ್ರಿ, ದೀಪಾವಳಿ, ಜೊತೆಗೆ ಸ್ವಾತಂತ್ರ್ಯ ದಿನ. ವರ್ಷದ ಪಂಚಾಂಗವೇ ಕಥೆಯ ನಕ್ಷೆ. ನೋಡುವವರ ಮನೆಯಲ್ಲಿ ಗಣಪತಿ ಕೂತ ದಿನವೇ ಕಾಂಪೌಂಡಿನಲ್ಲೂ ಗಣಪತಿ. ಕಾಲ ನಿಂತ ಜಗತ್ತಿನಲ್ಲಿ ಋತು ಮಾತ್ರ ತಿರುಗುತ್ತದೆ, ವರ್ಷ ಮುಂದೆ ಹೋಗುವುದಿಲ್ಲ. 2014ರಲ್ಲಿ ಪ್ರಧಾನಿ ಸ್ವಚ್ಛ ಭಾರತ ಅಭಿಯಾನಕ್ಕೆ ಮೊದಲು ಆಹ್ವಾನಿಸಿದವರ ಪಟ್ಟಿಯಲ್ಲಿ ಈ ಧಾರಾವಾಹಿಯ ಇಡೀ ತಂಡವಿತ್ತು. ಆಮೇಲೆ ಗೋಕುಲಧಾಮದಲ್ಲಿ ಬೋಧನೆ ಹೆಚ್ಚಿತು. ನನ್ನ ಎಣಿಕೆಯಲ್ಲಿ ಅದು ನಷ್ಟ. ಕಂತಿನ ಕೊನೆಗೆ ಎಲ್ಲರೂ ಸಾಲಾಗಿ ನಿಂತು ಸಂದೇಶ ಹೇಳಿದ ದಿನ ಯಾರೂ ತಮ್ಮ ದೌರ್ಬಲ್ಯದಲ್ಲಿ ಇರುವುದಿಲ್ಲ, ಹಾಗಾಗಿ ನಗುವೂ ಇರುವುದಿಲ್ಲ.

ಕಾಲ ಸೋರಿದ ಜಾಗಗಳು

ದೀರ್ಘಕಾಲ ಓಡುವ ಧಾರಾವಾಹಿಗೆ ಇರುವುದು ಎರಡೇ ದಾರಿ. ಒಂದು, ಕಾಲವನ್ನು ಜಿಗಿಸುವುದು. 2009ರ ಜನವರಿಯಲ್ಲಿ ಶುರುವಾದ ‘ಯೇ ರಿಶ್ತಾ ಕ್ಯಾ ಕೆಹಲಾತಾ ಹೈ’ ಹಾಗೆ ಉಳಿದಿದೆ. ತಾಯಿಯ ಕಥೆ ಮುಗಿದರೆ ಮಗಳದು, ಆಮೇಲೆ ಮೊಮ್ಮಗಳದು. ನಟರು ಪೂರ್ತಿ ಬದಲು, ಹೆಸರು ಮಾತ್ರ ಅದೇ. ಇನ್ನೊಂದು, ಕಾಲವನ್ನು ನಿಲ್ಲಿಸುವುದು. ಅಮೆರಿಕದ ‘ದಿ ಸಿಂಪ್ಸನ್ಸ್’ 1989ರಿಂದ ಹಾಗೇ ನಡೆದಿದೆ, ಅಲ್ಲಿನ ಬಾರ್ಟ್‌ಗೆ ಇವತ್ತಿಗೂ ಹತ್ತೇ ವರ್ಷ. ಅದು ಕಾರ್ಟೂನ್ ಆದ್ದರಿಂದ ಸುಲಭ. ‘ತಾರಕ್ ಮೆಹ್ತಾ’ ಕಾರ್ಟೂನಿನ ನಿಯಮವನ್ನು ರಕ್ತಮಾಂಸದ ನಟರ ಮೇಲೆ ಹೇರಿತು.

ಮೊದಲು ಸೋರಿದ್ದು ಮಕ್ಕಳಿಂದ. ಭವ್ಯ ಗಾಂಧಿ 2008ರಲ್ಲಿ ಟಪ್ಪು ಆಗಿ ಬಂದಾಗ ಶಾಲಾ ಬಾಲಕ, 2017ರಲ್ಲಿ ಬಿಟ್ಟಾಗ ಯುವಕ. ಅವರ ಜಾಗಕ್ಕೆ ರಾಜ್ ಅನಡ್ಕಟ್ ಬಂದರು, 2022ರಲ್ಲಿ ಹೋದರು, 2023ರಿಂದ ನಿತೀಶ್ ಭಲೂನಿ. ಭಿಡೆಯ ಮಗಳು ಸೋನು ಪಾತ್ರ ನಾಲ್ಕನೇ ನಟಿಯ ಕೈಯಲ್ಲಿದೆ. ಟಪ್ಪು ಸೇನೆ ಕಾಲೇಜು ಸೇರಿತು. ಹತ್ತು ವರ್ಷದ ಹುಡುಗ ಭಿಡೆಯ ಕಿಟಕಿ ಗಾಜು ಒಡೆದರೆ ತುಂಟಾಟ. ಕಾಲೇಜು ಹುಡುಗ ಒಡೆದರೆ ಪುಂಡಾಟ. ಹಾಗಾಗಿ ಟಪ್ಪು ಒಳ್ಳೆಯ ಹುಡುಗನಾದ, ತೊಂದರೆ ಮಾಡುತ್ತಿದ್ದವನು ತೊಂದರೆ ಬಿಡಿಸುವವನಾದ. ಜೇಠಾಲಾಲನ ತಲೆನೋವುಗಳಲ್ಲಿ ದೊಡ್ಡದೊಂದು ಕಳೆದುಹೋಯಿತು.

ಸಾವುಗಳೂ ಬಂದವು. 2018ರ ಜುಲೈನಲ್ಲಿ ಡಾ. ಹಾಥಿ ಪಾತ್ರದ ಕವಿ ಕುಮಾರ್ ಆಜಾದ್ ಹೋದರು, ಆರಂಭದಲ್ಲಿ ಆ ಪಾತ್ರ ಮಾಡಿದ್ದ ನಿರ್ಮಲ್ ಸೋನಿ ಮರಳಿದರು. 2021ರ ಅಕ್ಟೋಬರಿನಲ್ಲಿ ನಟ್ಟು ಕಾಕಾ ಆಗಿದ್ದ ಘನಶ್ಯಾಮ್ ನಾಯಕ್ ತೀರಿಕೊಂಡರು. ಮೆಹ್ತಾನ ಹೆಂಡತಿ ಅಂಜಲಿ, ಸೋಢಿ, ಕೊನೆಗೆ ನಿರೂಪಕ ಮೆಹ್ತಾ ಪಾತ್ರದ ನಟರೂ ಬದಲಾದರು. ಮೆಹ್ತಾ ಆಗಿದ್ದ ಶೈಲೇಶ್ ಲೋಢಾ 2022ರಲ್ಲಿ ಹೊರನಡೆದು, ಬಾಕಿ ಹಣಕ್ಕಾಗಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋದರು, ಮುಂದೆ ರಾಜಿಯಾಯಿತು. ತೆರೆಯ ಮೇಲೆ ಒಂದೇ ಕುಟುಂಬ ಎನ್ನುವ ಧಾರಾವಾಹಿಯ ಹಿಂದೆ ಇಂಥ ವ್ಯಾಜ್ಯಗಳಿವೆ ಎಂದು ತಿಳಿದಾಗ ಅಭಿಮಾನಿಗಳಿಗೆ ನೋವಾದದ್ದು ಸಹಜ.

ಇಷ್ಟು ಜನ ಬದಲಾದರೂ ಕಟ್ಟಡ ನಿಂತಿತು, ಯಾಕೆಂದರೆ ಇದು ಗುಂಪಿನ ಕಥೆ. ಒಬ್ಬರು ಇಲ್ಲದ ತಿಂಗಳು ಟ್ರ್ಯಾಕನ್ನು ಇನ್ನೊಂದು ಮನೆಗೆ ತಿರುಗಿಸಬಹುದು. ತಿರುಗಿಸಲಾಗದ ಜಾಗ ಒಂದೇ ಒಂದು ಇತ್ತು.

ದಯಾ ಇಲ್ಲದ ಮನೆ

ದಯಾ ಪಾತ್ರದ ದಿಶಾ ವಕಾನಿ 2017ರ ಸೆಪ್ಟೆಂಬರಿನಲ್ಲಿ ಹೆರಿಗೆ ರಜೆಗೆ ಹೋದರು. ಮರಳಲಿಲ್ಲ. ಪಾತ್ರಕ್ಕೆ ಬೇರೆ ನಟಿಯನ್ನೂ ತರಲಿಲ್ಲ. ದಯಾ ಅಹಮದಾಬಾದಿನ ತವರಿನಲ್ಲಿದ್ದಾಳೆ, ಬರುತ್ತಾಳೆ ಎಂಬ ಆಶ್ವಾಸನೆ ಎಂಟು ವರ್ಷ ದಾಟಿತು. ಹಬ್ಬ ಬಂದಾಗ, ರೇಟಿಂಗ್ ಇಳಿದಾಗ, ದಯಾ ಬರುವ ಸುಳಿವು ಕೊಟ್ಟು ಕೊನೆಗೆ ಬಾಗಿಲಲ್ಲಿ ಬೇರೆ ಯಾರನ್ನೋ ನಿಲ್ಲಿಸಿದ್ದಾರೆ. ಧಾರಾವಾಹಿ ತನ್ನ ನೋಡುಗರಿಗೆ ಮಾಡಿದ ದೊಡ್ಡ ಅನ್ಯಾಯ ಇದು. ಪೋಪಟ್‌ಲಾಲನ ಮದುವೆ ಮುರಿದರೆ ಪಾತ್ರದ ಆಸೆ ಮುರಿಯಿತು. ದಯಾ ಬರದಿದ್ದರೆ ಮುರಿದದ್ದು ಪ್ರೇಕ್ಷಕರ ಆಸೆ.

ಟಪ್ಪುವನ್ನು ಎರಡು ಸಲ ಬದಲಿಸಿದವರಿಗೆ ದಯಾಳನ್ನು ಬದಲಿಸುವುದು ಯಾಕೆ ಆಗಲಿಲ್ಲ? ದಯಾ ಪಾತ್ರ ಕಾಗದದ ಮೇಲೆ ಇರುವುದು ಕಡಿಮೆ. ಆ ವಿಚಿತ್ರ ದನಿ, ನೆಪ ಸಿಕ್ಕಲ್ಲೆಲ್ಲ ಗರ್ಬಾ, ‘ಹೇ ಮಾ, ಮಾತಾಜಿ’, ‘ಟಪ್ಪು ಕೆ ಪಾಪಾ’ ಎಂದು ಕರೆಯುವ ಲಯ, ಇವೆಲ್ಲ ದಿಶಾ ಕಟ್ಟಿದ್ದು. ಹೊಸಬರು ಅದನ್ನೇ ಮಾಡಿದರೆ ಅನುಕರಣೆ, ಮಾಡದಿದ್ದರೆ ದಯಾ ಅಲ್ಲ.

ರಚನೆಯ ಮಟ್ಟದಲ್ಲಿ ಆದ ಹಾನಿ ಇನ್ನೂ ಹೆಚ್ಚು. ಜೇಠಾಲಾಲ್ ಸುಳ್ಳು ಹೇಳುವವನು, ದಯಾ ಎಲ್ಲವನ್ನೂ ನಂಬುವವಳು. ಅವಳ ಮುಗ್ಧತೆ ಅವನ ಸುಳ್ಳನ್ನು ಅರಿಯದೆಯೇ ಊರಿಗೆಲ್ಲ ಹಬ್ಬಿಸುತ್ತಿತ್ತು. ಅವನಿಗೆ ಸಿಟ್ಟು, ಅವಳಿಗೆ ನಗು, ಬಾಪೂಜಿಯಿಂದ ಸೊಸೆಯ ಪರ ತೀರ್ಪು. ಈ ತ್ರಿಕೋನದಲ್ಲಿ ಒಂದು ಮೂಲೆ ಹೋದ ಮೇಲೆ ಜೇಠಾಲಾಲನ ಸಂಕಟಕ್ಕೆ ಮನೆಯೊಳಗೆ ಪ್ರತಿಧ್ವನಿ ಇಲ್ಲ. ದಾಂಪತ್ಯದ ಹಾಸ್ಯವಿದ್ದಲ್ಲಿ ಅಪಘಾತ, ಕಳ್ಳತನ, ಅಪಹರಣ, ದೆವ್ವ ಬಂದವು. ಬಬಿತಾ ಮೇಲಿನ ಮೋಹವೂ ಬೇರೆಯಾಗಿ ಕಾಣತೊಡಗಿತು. ಮನೆಯಲ್ಲಿ ದಯಾ ಇದ್ದಾಗ ಅದು ಪೆದ್ದುತನವಾಗಿ ದಾಟುತ್ತಿತ್ತು. ಅವಳಿಲ್ಲದಾಗ ಪಕ್ಕದ ಮನೆಯ ಹೆಣ್ಣನ್ನು ದಿಟ್ಟಿಸುವ ಗಂಡಸಷ್ಟೇ ಉಳಿಯುತ್ತಾನೆ. ಹೆಣ್ಣುಮಕ್ಕಳ ಬಗ್ಗೆ ಈ ಧಾರಾವಾಹಿಯ ನೋಟ ಮೊದಲಿನಿಂದಲೂ ಹಳೆಯದೇ. ಭಿಡೆಯ ಹೆಂಡತಿ ಮಾಧವಿಯ ಉಪ್ಪಿನಕಾಯಿ–ಹಪ್ಪಳದ ವ್ಯಾಪಾರ ಬಿಟ್ಟರೆ ಹೆಂಗಸರ ದುಡಿಮೆ ಕಣ್ಣಿಗೆ ಬೀಳುವುದೇ ಅಪರೂಪ. ಜೇಠಾಲಾಲ್ ಹೆಂಡತಿಯನ್ನು ‘ಪಾಗಲ್ ಔರತ್’ ಎನ್ನುತ್ತಿದ್ದುದು ಆಕ್ಷೇಪ ಬಂದ ಮೇಲೆ ನಿಂತಿತು ಎಂದು ದಿಲೀಪ್ ಜೋಶಿಯವರೇ ಸಂದರ್ಶನದಲ್ಲಿ ಹೇಳಿದ್ದಾರೆ. ನಿಂತದ್ದು ಒಳ್ಳೆಯದಾಯಿತು.

ಹಾಗಾದರೆ ಜನ ಯಾಕೆ ಬಿಟ್ಟಿಲ್ಲ? ಉತ್ತರದ ಮುಖ್ಯ ಭಾಗ ಹಳೆಯ ಕಂತುಗಳಲ್ಲಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತು ಜುಲೈವರೆಗೂ ಹೊಸ ಕಂತು ಬರಲಿಲ್ಲ. ಮರುಪ್ರಸಾರದಲ್ಲೇ ವಾಹಿನಿ ದಿನ ದೂಡಿತು. ಕಾಲ ನಿಂತ ಕಥೆಗೆ ಮರುಪ್ರಸಾರದಲ್ಲಿ ಏನೂ ಕಳೆದುಹೋಗುವುದಿಲ್ಲ, 412ನೇ ಕಂತಿನ ಮೇಲೆ 87ನೆಯದನ್ನು ನೋಡಿದರೂ ಗೊಂದಲವಿಲ್ಲ. ಅತ್ತೆ–ಸೊಸೆ ಧಾರಾವಾಹಿಯಲ್ಲಿ ಯಾರು ಯಾರನ್ನು ಮದುವೆಯಾದರು ಎಂದು ಗೊತ್ತಾದ ಮೇಲೆ ಮತ್ತೆ ನೋಡುವವರಿಲ್ಲ. ಯೂಟ್ಯೂಬ್‌ನಲ್ಲಿ ಈ ಗುಣವೇ ನಿಧಿಯಾಯಿತು. ಮೂರು ನಿಮಿಷದ ಬೆಳಗಿನ ದೃಶ್ಯವನ್ನು ಕತ್ತರಿಸಿ ಹಾಕಿದರೆ ಅದು ತಾನೇ ಪೂರ್ತಿ. 2008ರ ನಂತರ ಹುಟ್ಟಿದ ಮಕ್ಕಳು ಊಟದ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ನೋಡುವುದು ಬಹುಪಾಲು ಮೊದಲ ಒಂಬತ್ತು ವರ್ಷದ ಕಂತುಗಳನ್ನು, ದಯಾ ಇರುವ ಕಂತುಗಳನ್ನು. ಪಾತ್ರಗಳ ಚಿತ್ರ, ಸಂಭಾಷಣೆ, ನಕಲಿ ವಿಡಿಯೊಗಳ ಅನಧಿಕೃತ ಬಳಕೆ ಎಷ್ಟು ಬೆಳೆಯಿತೆಂದರೆ 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ನಿರ್ಮಾಣ ಸಂಸ್ಥೆಯ ಪರ ತಡೆಯಾಜ್ಞೆ ಕೊಡಬೇಕಾಯಿತು.

ಅಯ್ಯರ್, ಅಬ್ದುಲ್ ಮತ್ತು ನಾವು

ಗೋಕುಲಧಾಮವನ್ನು ಪುಟ್ಟ ಭಾರತ ಎಂದು ಧಾರಾವಾಹಿಯೇ ಕರೆದುಕೊಳ್ಳುತ್ತದೆ. ಗುಜರಾತಿ, ಮರಾಠಿ, ಪಂಜಾಬಿ, ಬಂಗಾಳಿ, ಬಿಹಾರಿ, ತಮಿಳ. ಇಡೀ ದಕ್ಷಿಣಕ್ಕೆ ಒಬ್ಬ ಅಯ್ಯರ್. ವಿಜ್ಞಾನಿ, ವಿಭೂತಿ, ಎಳೆದಾಡುವ ಹಿಂದಿ. ಆ ಪಾತ್ರದ ತನುಜ್ ಮಹಾಶಬ್ದೆ ಮಧ್ಯಪ್ರದೇಶದವರು. ಧಾರಾವಾಹಿಯ ಬರವಣಿಗೆಯಲ್ಲೂ ಕೈಜೋಡಿಸಿದವರು, ನಟನೆಯಲ್ಲಿ ಕೊರತೆಯಿಲ್ಲ. ಆದರೂ ದಕ್ಷಿಣದವನು ಹಿಂದಿ ತಪ್ಪುವುದೇ ನಗು ಎಂಬ ಹಳೆಯ ಚಾಳಿಗೆ ಇದೂ ಸೇರುತ್ತದೆ, ಕನ್ನಡದ ನೋಡುಗರಿಗೆ ಅದು ಚುಚ್ಚುತ್ತದೆ. ಭಾಷೆಯ ವಿಷಯದಲ್ಲಿ ತಂಡ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದೆ. 2020ರ ಮಾರ್ಚ್‌ನ ಕಂತೊಂದರಲ್ಲಿ ಮುಂಬೈನ ಭಾಷೆ ಹಿಂದಿ ಎಂದು ಚಂಪಕ್‌ಲಾಲ್ ಬಾಯಲ್ಲಿ ಬಂತು. ಮಹಾರಾಷ್ಟ್ರ ನವನಿರ್ಮಾಣ ಸೇನೆ ಸಿಡಿದೆದ್ದಿತು, ನಿರ್ಮಾಪಕರು ಕ್ಷಮೆ ಕೇಳಿ, ಮುಂಬೈ ಮಹಾರಾಷ್ಟ್ರದಲ್ಲಿದೆ, ಇಲ್ಲಿಯ ಭಾಷೆ ಮರಾಠಿ ಎಂದು ಸ್ಪಷ್ಟಪಡಿಸಿದರು. ಇನ್ನು ಅಬ್ದುಲ್. ಎಲ್ಲರ ಕೆಲಸಕ್ಕೂ ಒದಗುವ, ಎಲ್ಲರೂ ಪ್ರೀತಿಸುವ ಮುಸ್ಲಿಂ ಪಾತ್ರ. ಆದರೆ ಅವನ ಅಂಗಡಿ ಗೇಟಿನ ಹೊರಗಿದೆ, ಸೊಸೈಟಿಯ ಫ್ಲ್ಯಾಟುಗಳಲ್ಲಿ ಒಂದು ಅವನದಲ್ಲ. ಬರೆದವರು ಉದ್ದೇಶಪಟ್ಟು ಮಾಡಿದ್ದಲ್ಲದಿರಬಹುದು, ಮುಂಬೈನ ಮನೆ ಹುಡುಕಾಟದ ವಾಸ್ತವ ಮಾತ್ರ ಅದರಲ್ಲಿ ಹಾಗೇ ಇಳಿದಿದೆ.

ಕನ್ನಡದಲ್ಲೂ ಇದೇ ಗುಣದ ಧಾರಾವಾಹಿಗಳಿದ್ದವು. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ಅದೇ ವಾಹಿನಿಯ ‘ಸಿಲ್ಲಿ ಲಲ್ಲಿ’. ಪಾಂಡು–ಶ್ರೀಮತಿ ಜೋಡಿ, ಡಾ. ವಿಠ್ಠಲ್ ರಾವ್, ಸಮಾಜ ಸೇವಕಿ ಲಲಿತಾಂಬ ಎಲ್ಲರೂ ಒಂದೇ ಒಂದು ದೌರ್ಬಲ್ಯಕ್ಕೆ ಕಟ್ಟಿದ ಪಾತ್ರಗಳು. ಎರಡು ದಶಕ ಕಳೆದರೂ ಅವುಗಳ ತುಣುಕು ಹಂಚಿಕೊಳ್ಳುವವರಿದ್ದಾರೆ. ‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಹೊಸ ರೂಪದಲ್ಲಿ ಮರಳಿತ್ತು. ಇವು ನಿಂತಿದ್ದು ಒಂದೆರಡು ಮನೆಗಳ ಆಧಾರದಲ್ಲಿ, ಮುಖ್ಯ ಜೋಡಿ ದಣಿದರೆ ಹೊರೆ ಹೊರಲು ಎಂಟನೇ ಮನೆ ಇರಲಿಲ್ಲ. ಮರಾಠಿ, ತೆಲುಗಿಗೆ ಡಬ್ ಆದ ‘ತಾರಕ್ ಮೆಹ್ತಾ’ವನ್ನು ಕನ್ನಡಿಗರು ನೋಡಿದ್ದು ಬಹುಪಾಲು ಹಿಂದಿಯಲ್ಲೇ. ಮಲ್ಲೇಶ್ವರದ ವಠಾ​ರವನ್ನೋ ಹುಬ್ಬಳ್ಳಿಯ ಕಾಲೊನಿಯನ್ನೋ ಹತ್ತು ಮನೆಗಳ ನಿಂತ ಸೆಟ್ಟಾಗಿ ಕಟ್ಟಿ, ಬೀಚಿಯವರ ತಿಂಮನಂಥ ಪಳಗಿದ ಹಾಸ್ಯ ಪಾತ್ರವೊಂದನ್ನು ಕೇಂದ್ರಕ್ಕೆ ತಂದರೆ ಕನ್ನಡದಲ್ಲಿ ಇದು ಆಗದ ಕೆಲಸವಲ್ಲ. ಸೆಟ್ಟಿನ ಖರ್ಚು ಮೊದಲ ವರ್ಷ ಹೆಚ್ಚು, ಎರಡನೇ ವರ್ಷದಿಂದ ಉಳಿತಾಯ.

ಗೋಕುಲಧಾಮಕ್ಕೆ ಮರಳಿದರೆ, 2025ರ ಮಧ್ಯದಲ್ಲಿ ಭೂತ ಬಂಗಲೆಯ ಟ್ರ್ಯಾಕ್ ಅದನ್ನು ಕೆಲವು ವಾರ ಟಿಆರ್‌ಪಿ ಪಟ್ಟಿಯ ತುದಿಗೆ ಏರಿಸಿತು. ಅದೇ ವರ್ಷ ರಾಜಸ್ಥಾನದ ಹೊಸ ಕುಟುಂಬವೊಂದು ಸೊಸೈಟಿಗೆ ಸೇರಿತು. ಹೊಸ ಮನೆ ಎಂದರೆ ಹೊಸ ಜೋಡಿಗಳು, ಹಳೆಯ ಲೆಕ್ಕದಲ್ಲಿ ಸರಿಯಾದ ನಡೆ. ಆದರೆ ದಿಲೀಪ್ ಜೋಶಿ ಹುಟ್ಟಿದ್ದು 1968ರಲ್ಲಿ. ಕಾಲೇಜು ಮಗನ ತಂದೆಯಾಗಿ ಅವರು ಇನ್ನೂ ಕೆಲವು ವರ್ಷ ಸಲ್ಲುತ್ತಾರೆ, ಅನಂತವಾಗಿ ಅಲ್ಲ. ಕಾಲವನ್ನು ಒಂದು ಮನೆಯಲ್ಲಾದರೂ ಮುಂದಕ್ಕೆ ಬಿಡಬೇಕು. ಅದಕ್ಕೆ ತಕ್ಕ ಮನೆ ಪೋಪಟ್‌ಲಾಲನದು. ಹದಿನೇಳು ವರ್ಷ ಮುರಿದ ಸಂಬಂಧಗಳ ಮೇಲೆ ಇನ್ನೊಂದನ್ನು ಮುರಿದರೆ ನಗು ಹುಟ್ಟುವುದಿಲ್ಲ. ಮದುವೆ ಮಾಡಿಸಿದರೆ ಒಂದು ಹಳೆಯ ನಗೆ ಖರ್ಚಾಗುತ್ತದೆ ನಿಜ. ಬದಲಿಗೆ ಛತ್ರಿ ಬಿಡದ, ಮಾತುಮಾತಿಗೆ ‘ಕ್ಯಾನ್ಸಲ್’ ಎನ್ನುವ ಪತ್ರಕರ್ತ ಮತ್ತು ಅವನನ್ನು ಪೂರ್ತಿ ನಂಬುವ, ಅಥವಾ ಒಂದಿಷ್ಟೂ ನಂಬದ ಹೆಂಡತಿ ಸಿಗುತ್ತಾಳೆ. 2017ರಿಂದ ಈ ಸೊಸೈಟಿಯಲ್ಲಿ ಖಾಲಿ ಬಿದ್ದಿರುವುದು ಅಂಥ ಒಂದು ಜೋಡಿಯ ಜಾಗವೇ.